ಪಾಪಲೋತೆ ಎಂದ ಹುಡುಗನಿಗೆ ಸೊನ್ನೆ: ಎರಡು ಭಾಷೆಯ ಮಕ್ಕಳ ಟಿವಿ ಕಾರ್ಯಕ್ರಮವೊಂದರ ಮೌಲ್ಯಮಾಪನ

ಇದು ಅಮೆರಿಕದ ಟೆಕ್ಸಸ್‌ನಲ್ಲಿ, ಮೆಕ್ಸಿಕೊ ಗಡಿಗೆ ಹತ್ತಿರದ ಒಂದು ಊರಿನಲ್ಲಿ ನಡೆದದ್ದು. 2000ರ ದಶಕದ ಮಧ್ಯಭಾಗ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡನ್ನೂ ಬಳಸುವ ಒಂದು ಟಿವಿ ಕಾರ್ಯಕ್ರಮದಿಂದ ನಾಲ್ಕು ವರ್ಷದ ಮಕ್ಕಳು ಏನಾದರೂ ಕಲಿಯುತ್ತಾರಾ ಎಂದು ನೋಡುವ ಕೆಲಸ. ಆ ತಂಡದಲ್ಲಿ ಉತ್ತರದ ಹಾಳೆಗಳನ್ನು ಕಂಪ್ಯೂಟರಿಗೆ ಹಾಕಿ ಲೆಕ್ಕ ತೆಗೆಯುವುದು ನನ್ನ ಪಾಲಿಗಿತ್ತು. ಊರು, ಶಾಲೆ, ಕಾರ್ಯಕ್ರಮ ಯಾವುದರ ಹೆಸರನ್ನೂ ಹೇಳುವುದಿಲ್ಲ. ಹುಡುಗನ ಹೆಸರು ಬದಲಿಸಿದ್ದೇನೆ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ಆದರೆ ನಾವು ಎಲ್ಲಿ ಎಡವಿದೆವು, ಯಾವಾಗ ನಿಂತು ಯೋಚಿಸಿದೆವು, ಆಮೇಲೆ ಏನು ಮಾಡಿದೆವು ಅನ್ನೋದು ಇದ್ದ ಹಾಗೇ ಇದೆ.

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಇದೆ. ಮಕ್ಕಳಿಗಾಗಿ ಕನ್ನಡ-ಇಂಗ್ಲಿಷ್ ಬೆರೆಸಿ ವಿಡಿಯೊ ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ಮಕ್ಕಳು ನಿಜವಾಗಿ ಕಲಿತರಾ ಎಂದು ಪರೀಕ್ಷೆ ಮಾಡಿ ನೋಡುವವರೂ ಇದ್ದಾರೆ. ನಾವು ಮಾಡಿದ ತಪ್ಪನ್ನು ಅವರು ಮಾಡಬಾರದು.

ಹಿನ್ನೆಲೆ

ಟೆಕ್ಸಸ್‌ನಲ್ಲಿ ಸ್ಪ್ಯಾನಿಷ್ ಹೊರಗಿನಿಂದ ಬಂದ ಭಾಷೆಯಲ್ಲ. ಇಂಗ್ಲಿಷ್ ಬರುವುದಕ್ಕೆ ಮೊದಲೇ ಅಲ್ಲಿ ಇದ್ದದ್ದು. ಆದರೂ 1918ರಲ್ಲಿ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಪಾಠ ಮಾಡಬೇಕು ಅನ್ನುವ ಕಾನೂನು ಬಂತು. ಬೇರೆ ಭಾಷೆಯಲ್ಲಿ ಪಾಠ ಹೇಳುವ ಶಿಕ್ಷಕರ ಮೇಲೆ ಕೇಸು ಹಾಕಬಹುದಿತ್ತು. ಆಟದ ಬಯಲಲ್ಲಿ ಸ್ಪ್ಯಾನಿಷ್ ಮಾತಾಡಿದ ಮಕ್ಕಳಿಗೆ ಹೊಡೆತ ಬೀಳುತ್ತಿತ್ತು. 1968ರಲ್ಲಿ ಕೇಂದ್ರ ಸರ್ಕಾರ ದ್ವಿಭಾಷಾ ಶಿಕ್ಷಣದ ಕಾಯ್ದೆ ತಂದಿತು. ಮರುವರ್ಷ ಟೆಕ್ಸಸ್ ಕೂಡ ಎರಡು ಭಾಷೆಯ ಪಾಠಕ್ಕೆ ದಾರಿ ಬಿಟ್ಟಿತು.

ಇದರಲ್ಲಿ ಟಿವಿ ಸೇರಿಕೊಂಡದ್ದೂ ಇದೇ ಹೊತ್ತಿಗೆ. 1969ರ ನವೆಂಬರ್ 10ರಂದು ಪುಟ್ಟ ಮಕ್ಕಳಿಗೆ ಅಕ್ಷರ, ಅಂಕಿ ಕಲಿಸುವ 'ಸೆಸಮಿ ಸ್ಟ್ರೀಟ್' ಕಾರ್ಯಕ್ರಮ ಶುರುವಾಯಿತು. 1970ರಲ್ಲಿ ಟೆಕ್ಸಸ್‌ನ ಸಾರ್ವಜನಿಕ ಟಿವಿ ಕೇಂದ್ರವೊಂದರಿಂದ 'ಕರಾಸ್ಕೊಲೆಂದಾಸ್' ಬಂತು. ಐದಾ ಬರೇರಾ ಅನ್ನುವ ಮಹಿಳೆ ಅದನ್ನು ಕಟ್ಟಿದರು. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಮಾತಾಡುವ ಪಾತ್ರಗಳು, ಅಗಾಪಿತೊ ಅನ್ನುವ ಒಂದು ಸಿಂಹ, ಮೆಕ್ಸಿಕನ್ ಮೂಲದ ಮಕ್ಕಳಿಗೆ ತಮ್ಮ ಊರೇ ಅನ್ನಿಸುವಂಥ ಊರು. ಆಸ್ಟಿನ್‌ನ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಶುರುವಿನಿಂದಲೇ ಪರೀಕ್ಷೆಗೆ ಒಡ್ಡಿದರು. ನಾವು ಕೆಲಸ ಮಾಡುವ ಹೊತ್ತಿಗೆ ನಡುನಡುವೆ ಸ್ಪ್ಯಾನಿಷ್ ಪದ ಕಲಿಸುವ ಕಾರ್ಟೂನ್ 'ಡೋರಾ' ಬಂದು ಐದಾರು ವರ್ಷ ಆಗಿತ್ತು. 'ಮಾಯಾ ಅಂಡ್ ಮಿಗೆಲ್' 2004ರಲ್ಲಿ ಬಂದಿತ್ತು. ನಮ್ಮದು ಇವುಗಳ ನೆರಳಲ್ಲಿ ಹುಟ್ಟಿದ ಸಣ್ಣ ಕಾರ್ಯಕ್ರಮ. ಗೊಂಬೆಗಳು, ಒಬ್ಬ ಹುಡುಗಿ, ಒಂದು ನಾಯಿ, ಒಬ್ಬ ಅಜ್ಜಿ. ಅರ್ಧ ಗಂಟೆಯ ಕಂತುಗಳು.

ಹಣ ಕೊಟ್ಟವರಿಗೆ ಬೇಕಾಗಿದ್ದದ್ದು ಒಂದೇ ಸಾಲು: ನೋಡಿದ ಮಕ್ಕಳು ನೋಡದ ಮಕ್ಕಳಿಗಿಂತ ಎರಡೂ ಭಾಷೆಯಲ್ಲಿ ಮುಂದಿದ್ದಾರೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮುಂದಿನ ಹಂತಕ್ಕೆ ಹಣ ಕೊಡಬೇಕೋ ಬೇಡವೋ ಎಂದು ಅವರು ತೀರ್ಮಾನ ಮಾಡಬೇಕಿತ್ತು.

ನಾವು ಹಾಕಿಕೊಂಡ ಕ್ರಮ

ಒಂದು ಶಾಲೆಯ ನಾಲ್ಕು ಪ್ರೀ-ಕೆ ಕೊಠಡಿಗಳು. ಪ್ರೀ-ಕೆ ಅಂದರೆ ನಮ್ಮ ಎಲ್‌ಕೆಜಿ ಅನ್ನಿ. ಎರಡು ಕೊಠಡಿಗಳಲ್ಲಿ ವಾರಕ್ಕೆ ಮೂರು ದಿನ ಡಿವಿಡಿ ಹಾಕಿ ಕಾರ್ಯಕ್ರಮ ತೋರಿಸುವುದು. ಉಳಿದೆರಡರಲ್ಲಿ ಎಂದಿನ ಪಾಠ. ಎಂಟು ವಾರ. ಮೊದಲು ಒಂದು ಪರೀಕ್ಷೆ, ಕೊನೆಗೆ ಒಂದು.

ಪರೀಕ್ಷೆ ನಾವೇ ಮಾಡಿದ್ದು. 24 ಚಿತ್ರಗಳು. ಎಲ್ಲ ಕಾರ್ಯಕ್ರಮದಲ್ಲಿ ಬರುವ ವಸ್ತುಗಳು. ಚಿತ್ರ ತೋರಿಸಿ 'ಇದೇನು?' ಎಂದು ಕೇಳುವುದು. ಮೊದಲು ಇಂಗ್ಲಿಷಿನಲ್ಲಿ ಎಲ್ಲ 24. ಐದು ನಿಮಿಷ ಬಿಟ್ಟು ಅದೇ ಮೇಜಿನಲ್ಲಿ, ಅದೇ ವ್ಯಕ್ತಿ, ಅದೇ 24 ಚಿತ್ರ, ಸ್ಪ್ಯಾನಿಷಿನಲ್ಲಿ. ಮೇಜು ಇದ್ದದ್ದು ಶಾಲೆಯ ಹಜಾರದಲ್ಲಿ. ಕೇಳುವವರು ಹತ್ತಿರದ ಕಾಲೇಜಿನ ಮೂವರು ವಿದ್ಯಾರ್ಥಿಗಳು. ಮೂವರಿಗೂ ಎರಡೂ ಭಾಷೆ ಚೆನ್ನಾಗಿ ಬರುತ್ತಿತ್ತು. ಸರಿ ಉತ್ತರದ ಪಟ್ಟಿಯನ್ನು ಕಾರ್ಯಕ್ರಮ ಮಾಡಿದವರೇ ಕೊಟ್ಟಿದ್ದರು. ಕಂತುಗಳಲ್ಲಿ ಬಳಸಿದ ಪದವೇ ಸರಿ ಉತ್ತರ. ಮಗು ಅದನ್ನು ಹೇಳಿದರೆ ಒಂದು, ಇಲ್ಲದಿದ್ದರೆ ಸೊನ್ನೆ.

ಈಗ ಬರೆಯುವಾಗ ಈ ಪ್ಯಾರಾದಲ್ಲಿ ಎಷ್ಟು ತಪ್ಪಿದೆ ಎಂದು ನನಗೆ ಕಾಣುತ್ತದೆ. ಆಗ ಕಾಣಲಿಲ್ಲ. ಹಾಳೆಯ ಮೇಲೆ ಎಲ್ಲ ಅಚ್ಚುಕಟ್ಟಾಗಿತ್ತು.

ಮೊದಲ ಫಲಿತಾಂಶ

ಎಂಟು ವಾರ ಕಳೆದ ಮೇಲೆ ಲೆಕ್ಕ ಬಂತು. ಇಂಗ್ಲಿಷಿನಲ್ಲಿ ಎಲ್ಲ ಮಕ್ಕಳೂ ಮುಂದೆ ಹೋಗಿದ್ದರು. ಕಾರ್ಯಕ್ರಮ ನೋಡಿದವರು ಸ್ವಲ್ಪ ಹೆಚ್ಚು. ಸ್ಪ್ಯಾನಿಷಿನಲ್ಲಿ ಏನೂ ಆಗಿರಲಿಲ್ಲ. ಕೆಲವು ಮಕ್ಕಳಂತೂ ಮೊದಲಿದ್ದದ್ದಕ್ಕಿಂತ ಕೆಳಗೆ ಬಂದಿದ್ದರು. ಕಾರ್ಯಕ್ರಮ ನೋಡಿದ ಕೊಠಡಿಯಲ್ಲೇ ಹಾಗೆ ಇಳಿದವರು ಹೆಚ್ಚು.

ಆ ಸಭೆ ನನಗೆ ಚೆನ್ನಾಗಿ ನೆನಪಿದೆ. ಕಾರ್ಯಕ್ರಮದ ನಿರ್ಮಾಪಕರು ಬಹಳ ಹೊತ್ತು ಮಾತಾಡಲಿಲ್ಲ. ಮೂರು ವರ್ಷ ಇದಕ್ಕಾಗಿ ದುಡಿದಿದ್ದರು. ಆಮೇಲೆ ಯಾರೋ ಒಬ್ಬರು, 'ಹಾಗಾದರೆ ಸ್ಪ್ಯಾನಿಷ್ ಕಡಿಮೆ ಮಾಡೋಣ. ಇಂಗ್ಲಿಷ್ ಕೆಲಸ ಮಾಡ್ತಿದೆಯಲ್ಲ, ಅದನ್ನೇ ಜಾಸ್ತಿ ಮಾಡೋಣ' ಎಂದರು. ಕೆಲವರು ತಲೆಯಾಡಿಸಿದರು. ಮುಂದಿನ ಕಂತುಗಳ ಕಥೆ ಬರೆಯುವ ಕೆಲಸ ಒಂದೂವರೆ ತಿಂಗಳಲ್ಲಿ ಶುರುವಾಗಬೇಕಿತ್ತು. ನಮ್ಮ ತಂಡದ ಮುಖ್ಯಸ್ಥೆ ಮಾತ್ರ 'ಎರಡು ವಾರ ಕೊಡಿ, ಹಾಳೆಗಳನ್ನು ಇನ್ನೊಮ್ಮೆ ನೋಡ್ತೇವೆ' ಎಂದು ಕೇಳಿಕೊಂಡರು. ಆ ಎರಡು ವಾರ ಸಿಗದೇ ಹೋಗಿದ್ದರೆ ಈ ಬರಹ ಇರುತ್ತಿರಲಿಲ್ಲ.

ಗೇಟಿನ ಹತ್ತಿರ

ಸಭೆಯಾದ ಮೂರನೇ ದಿನ. ಪೋಷಕರ ಸಹಿ ಇಲ್ಲದ ಕೆಲವು ಫಾರಂ ಉಳಿದಿದ್ದವು. ಅವನ್ನು ತರಲು ಶಾಲೆ ಬಿಡುವ ಹೊತ್ತಿಗೆ ಹೋಗಿದ್ದೆ. ಸುಡುವ ಬಿಸಿಲು. ಗೇಟಿನ ಹೊರಗೆ ಪಿಕಪ್ ಗಾಡಿಗಳ ಸಾಲು. ಮಕ್ಕಳನ್ನು ಕರೆದುಕೊಂಡು ಹೋಗಲು ಬಂದವರಲ್ಲಿ ಅಜ್ಜಿಯರೇ ಹೆಚ್ಚು.

ಬೆತೊ ಅನ್ನೋಣ ಆ ಹುಡುಗನನ್ನು. ಅವನ ಹಾಳೆ ನನಗೆ ಗೊತ್ತಿತ್ತು. ಸ್ಪ್ಯಾನಿಷ್ ಭಾಗದಲ್ಲಿ ಸೊನ್ನೆಗಳ ಸಾಲು. ನಾನು ಮನಸ್ಸಿನಲ್ಲೇ 'ಇವನಿಗೆ ಇಂಗ್ಲಿಷೇ ಜಾಸ್ತಿ' ಎಂದು ಬರೆದುಕೊಂಡಿದ್ದೆ. ಅವನು ಗೇಟು ದಾಟಿ ಓಡಿಬಂದು ಅಜ್ಜಿಯ ಕೈಗೆ ಬ್ಯಾಗು ಕೊಟ್ಟ. ಕೊಡುತ್ತಲೇ ಮಾತು ಶುರು.

'ಗ್ವೆಲಿತಾ, ಎಲ್ ಪೆರ್ರೊ ಪೆರ್ದಿಯೊ ಸು ಪಾಪಲೋತೆ!'

ಗ್ವೆಲಿತಾ ಅಂದರೆ ಅಜ್ಜಿ. ಅಜ್ಜೀ, ನಾಯಿ ತನ್ನ ಗಾಳಿಪಟ ಕಳಕೊಂಡುಬಿಡ್ತು. ನಮ್ಮ ಕಾರ್ಯಕ್ರಮದ ಒಂದು ಕಂತಿನ ಕಥೆ ಅದೇ. ಅವನು ಅದನ್ನು ಶುರುವಿನಿಂದ ಕೊನೆಯವರೆಗೆ ಹೇಳಿದ. ಗಾಳಿ ಬಂತು, ಮರಕ್ಕೆ ಸಿಕ್ಕಿತು, ನಾಯಿ ಅತ್ತಿತು, ಅಜ್ಜಿ ಏಣಿ ತಂದಳು. ಮಧ್ಯೆ ಒಮ್ಮೆಯೂ ಇಂಗ್ಲಿಷ್ ಬರಲಿಲ್ಲ. ಅವನ ಅಜ್ಜಿ ಗಾಡಿಯ ಬಾಗಿಲು ಹಿಡಿದುಕೊಂಡೇ ನಿಂತು ಪೂರ್ತಿ ಕೇಳಿದರು.

ನನಗೆ ಅಲ್ಲೇ ಏನೋ ಹೊಳೆದಂತಾಯಿತು. ಆ ಕಂತಿನಲ್ಲಿ ಗಾಳಿಪಟಕ್ಕೆ ಬಳಸಿದ ಪದ 'ಕೊಮೇತಾ'. ಪಾಪಲೋತೆ ಅಲ್ಲ. ಕಾರ್ಯಕ್ರಮ ಮುಂದೆ ಬೇರೆ ರಾಜ್ಯಗಳಲ್ಲೂ ಓಡಬೇಕು, ಪೋರ್ಟೊ ರಿಕೊ ಕಡೆಯ ಕುಟುಂಬಗಳೂ ನೋಡಬೇಕು ಎಂದು ಯಾವ ಪ್ರದೇಶದ್ದೂ ಅಲ್ಲದ ಸ್ಪ್ಯಾನಿಷ್ ಆರಿಸಿದ್ದರು. ಪಾಪಲೋತೆ ಮೆಕ್ಸಿಕೊ ಕಡೆಯ ಪದ, ಈ ಊರಿನ ಮನೆಮಾತು. ಹುಡುಗ ಟಿವಿಯಲ್ಲಿ ಕೊಮೇತಾ ಕೇಳಿದ್ದಾನೆ. ಅರ್ಥ ಮಾಡಿಕೊಂಡಿದ್ದಾನೆ. ಅಜ್ಜಿಗೆ ಹೇಳುವಾಗ ಅಜ್ಜಿಯ ಪದಕ್ಕೆ ತಿರುಗಿಸಿದ್ದಾನೆ. ನಾಲ್ಕು ವರ್ಷದ ಮಗು! ನಾವು ಇಂಥ ಕೆಲಸಕ್ಕೆ ಸೊನ್ನೆ ಕೊಟ್ಟಿದ್ದೆವು.

ಕನ್ನಡದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಈರುಳ್ಳಿಯ ಚಿತ್ರ ತೋರಿಸಿದರೆ ಧಾರವಾಡದ ಮಗು ಉಳ್ಳಾಗಡ್ಡಿ ಅನ್ನುತ್ತದೆ, ಮಂಗಳೂರಿನ ಮಗು ನೀರುಳ್ಳಿ ಅನ್ನುತ್ತದೆ. ಕಡಲೆಕಾಯಿ ತೋರಿಸಿದರೆ ಧಾರವಾಡದ ಮಗು ಶೇಂಗಾ ಅನ್ನುತ್ತದೆ. ಬೆಂಗಳೂರಿನಲ್ಲಿ ಕೂತು ಮಾಡಿದ ಉತ್ತರದ ಪಟ್ಟಿಯಲ್ಲಿ ಇವೆಲ್ಲ ತಪ್ಪು ಎಂದಾದರೆ ಆ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದೇ ಲೆಕ್ಕ ಬರುತ್ತದೆ, ಅಲ್ವಾ?

ಹಾಳೆಗಳಿಗೆ ವಾಪಸ್

ಆ ವಾರಾಂತ್ಯ ಅಷ್ಟೂ ಹಾಳೆಗಳನ್ನು ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡೆ. ಮೂವರು ವಿದ್ಯಾರ್ಥಿಗಳಲ್ಲಿ ಒಬ್ಬಳಿಗೆ ಒಂದು ಒಳ್ಳೆಯ ಅಭ್ಯಾಸ ಇತ್ತು. ಸೊನ್ನೆ ಹಾಕಿದ ಕಡೆ ಮಗು ಏನು ಹೇಳಿತು ಅನ್ನೋದನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಯಾರೂ ಹೇಳಿರಲಿಲ್ಲ, ಅವಳಾಗಿಯೇ ಬರೆದಿದ್ದಳು.

ಅವಳ ಹಾಳೆಗಳನ್ನು ಓದುತ್ತಾ ಹೋದ ಹಾಗೆ ನನಗೆ ನಾಚಿಕೆಯಾಯಿತು. ಗೂಬೆಯ ಚಿತ್ರಕ್ಕೆ ಪಟ್ಟಿಯಲ್ಲಿ 'ಬೂಹೊ'. ಮಕ್ಕಳು 'ತೆಕೊಲೋತೆ' ಎಂದಿದ್ದರು, ಅದು ಮೆಕ್ಸಿಕೊದ ಪದ. ಹಂದಿಗೆ ಪಟ್ಟಿಯಲ್ಲಿ 'ಸೆರ್ದೊ'. ಮಕ್ಕಳು 'ಮರ್ರಾನೊ' ಎಂದಿದ್ದರು, 'ಪುಯೆರ್ಕೊ' ಎಂದಿದ್ದರು. ಬಸ್ಸಿಗೆ 'ಔತೊಬೂಸ್' ಎನ್ನಬೇಕಿತ್ತು. 'ಕಮಿಯೋನ್' ಎಂದವರಿದ್ದರು. ಎಲ್ಲ ಸೊನ್ನೆ. ಇನ್ನು ಕೆಲವು ಕಡೆ ಸ್ಪ್ಯಾನಿಷ್ ಪ್ರಶ್ನೆಗೆ ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತ್ತು. ವಸ್ತು ಗೊತ್ತಿತ್ತು. ಅದೂ ಸೊನ್ನೆ.

ಮತ್ತೆ ಮೌನ. ಸ್ಪ್ಯಾನಿಷ್ ಭಾಗದಲ್ಲಿ ಅವಳು ಹಲವು ಕಡೆ 'ಸುಮ್ಮನಿದ್ದ', 'ತಲೆ ಬಗ್ಗಿಸಿದಳು' ಎಂದು ಬರೆದಿದ್ದಳು. ಇಂಗ್ಲಿಷ್ ಭಾಗದಲ್ಲಿ ಅದು ಅಪರೂಪ. ಯಾಕೆ ಎಂದು ಯೋಚಿಸಿದಾಗ ಕಾರಣ ಕಣ್ಣ ಮುಂದೆಯೇ ಇತ್ತು. ಮಗು ಈಗತಾನೇ ಈ ಅಕ್ಕನ ಜೊತೆ ಇಂಗ್ಲಿಷ್ ಮಾತಾಡಿದೆ. ಅವಳಿಗೆ ಇಂಗ್ಲಿಷ್ ಬರುತ್ತದೆ ಎಂದು ಅದಕ್ಕೆ ಗೊತ್ತು. ಅದೇ ಚಿತ್ರ, ಅದೇ ಪ್ರಶ್ನೆ. ಈಗ ತಾನೇ ಹೇಳಿದೆನಲ್ಲ, ಮತ್ತೆ ಯಾಕೆ ಕೇಳ್ತಾರೆ? ಅದರ ಮೇಲೆ ಶಾಲೆಯ ಹಜಾರ. ದೊಡ್ಡವರು ಓಡಾಡುವ ಜಾಗ, ಇಂಗ್ಲಿಷಿನ ಜಾಗ. ಎಂಟು ವಾರ ಶಾಲೆಗೆ ಬಂದ ಮಗು ಎಲ್ಲಿ ಯಾವ ಭಾಷೆ ಆಡಬೇಕು ಅನ್ನೋದನ್ನು ಕಲಿತಿರುತ್ತದೆ. ಕೆಲವು ಮಕ್ಕಳ ಸ್ಪ್ಯಾನಿಷ್ ಅಂಕ ಇಳಿದದ್ದು ಅದಕ್ಕೇ ಇರಬೇಕು. ಅವರು ಸ್ಪ್ಯಾನಿಷ್ ಮರೆತಿರಲಿಲ್ಲ. ಹಜಾರದಲ್ಲಿ ಅದನ್ನು ಆಡಬಾರದು ಎಂದು ಕಲಿತಿದ್ದರು.

ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಐದು ಪೈಸೆ ದಂಡ ಇತ್ತು. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ನಾನು ಸ್ಟಾಫ್ ರೂಮಿನ ಬಾಗಿಲು ಕಂಡರೇ ಮಾತು ನಿಲ್ಲಿಸುತ್ತಿದ್ದೆ. ಆ ಹಾಳೆಗಳನ್ನು ಓದುವಾಗ ಅದು ನೆನಪಾಯಿತು.

ನಾವು ಅಂಕ ಮತ್ತೆ ಹಾಕಿದೆವು. ಯಾವ ಪ್ರದೇಶದ ಪದವಾದರೂ ಸರಿ ಎಂದು ಮಾಡಿದೆವು. ಎರಡು ಭಾಷೆಯಲ್ಲಿ ಯಾವುದರಲ್ಲಿ ಹೇಳಿದರೂ 'ವಸ್ತು ಗೊತ್ತು' ಎಂದು ಇನ್ನೊಂದು ಲೆಕ್ಕ ಇಟ್ಟೆವು. ಇದು ನಮ್ಮ ಕಲ್ಪನೆಯೇನಲ್ಲ. ಮಯಾಮಿಯ ಪುಟ್ಟ ಮಕ್ಕಳ ಮೇಲೆ ಕೆಲಸ ಮಾಡಿದ ಬಾರ್ಬರಾ ಪಿಯರ್ಸನ್ ಮತ್ತು ಜೊತೆಗಾರರು 1993ರಲ್ಲೇ ಇದನ್ನು ತೋರಿಸಿದ್ದರು. ಎರಡು ಭಾಷೆಯ ಮಗುವನ್ನು ಒಂದೇ ಭಾಷೆಯಲ್ಲಿ ಅಳೆದರೆ ಪದ ಕಡಿಮೆ ಕಾಣುತ್ತದೆ, ಎರಡನ್ನೂ ಕೂಡಿಸಿ ನೋಡಿದರೆ ಆ ಕೊರತೆ ಕಾಣುವುದಿಲ್ಲ. ಓದಿದ್ದೆವು. ಪರೀಕ್ಷೆ ಮಾಡುವ ಹೊತ್ತಿಗೆ ಬಳಸಿರಲಿಲ್ಲ.

ಆದರೆ ಉಳಿದಿಬ್ಬರು ವಿದ್ಯಾರ್ಥಿಗಳ ಹಾಳೆಗಳಲ್ಲಿ ಬರೀ ಸೊನ್ನೆ ಇತ್ತು. ಆ ಸೊನ್ನೆಯ ಹಿಂದೆ ಪಾಪಲೋತೆ ಇತ್ತೋ, ಮೌನ ಇತ್ತೋ, ನಿಜವಾಗಿ ಗೊತ್ತಿಲ್ಲದ್ದು ಇತ್ತೋ, ತಿಳಿಯುವ ದಾರಿಯೇ ಇರಲಿಲ್ಲ. ತಪ್ಪು ಅವರದಲ್ಲ. ಮಗು ಆಡಿದ ಮಾತನ್ನು ಬರೆಯಲು ಹಾಳೆಯಲ್ಲಿ ನಾವೇ ಜಾಗ ಬಿಟ್ಟಿರಲಿಲ್ಲ. ಮೂರರಲ್ಲಿ ಎರಡು ಪಾಲು ಮಾಹಿತಿ ಹಾಗೆ ಹೋಯಿತು. ಈ ಇಡೀ ಪ್ರಕರಣದಿಂದ ಒಂದೇ ಒಂದು ಸಲಹೆ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ: ಮಗು ಏನು ಹೇಳಿತೋ ಅದನ್ನು ಹೇಳಿದ ಹಾಗೇ ಬರೆದಿಡಿ. ಸರಿಯೋ ತಪ್ಪೋ ಆಮೇಲೆ ನೋಡಿಕೊಳ್ಳಬಹುದು.

ಸ್ಪ್ಯಾನಿಷ್ ಮಾತ್ರ ಬರುವ ಗೊಂಬೆ

ಮುಖ್ಯಸ್ಥೆ ಹಠ ಹಿಡಿದು ಇನ್ನಷ್ಟು ದಿನ ಕೇಳಿ ಪಡೆದರು. ಕೊನೆಯ ಪರೀಕ್ಷೆಯ ಸ್ಪ್ಯಾನಿಷ್ ಭಾಗವನ್ನು ಕೆಲವು ಮಕ್ಕಳಿಗೆ ಮತ್ತೆ ಮಾಡಿದೆವು. ಈ ಸಲ ಹಜಾರ ಬೇಡ, ಕೊಠಡಿಯ ಓದುವ ಮೂಲೆ, ಅಲ್ಲಿನ ಚಾಪೆ. ಆ ದಿನ ಸ್ಪ್ಯಾನಿಷ್ ಮಾತ್ರ, ಇಂಗ್ಲಿಷ್ ಇಲ್ಲ. ಕೇಳುವವರೂ ಬೇರೆ. ಅದೇ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹೆಂಗಸನ್ನು ಕೇಳಿಕೊಂಡೆವು. ಮಕ್ಕಳೆಲ್ಲ ಅವರನ್ನು ಮನೆಯವರ ಹಾಗೆ ಕಾಣುತ್ತಿದ್ದರು. ಅವರ ಕೈಯಲ್ಲಿ ಒಂದು ಬಟ್ಟೆಯ ಕತ್ತೆ. ಈ ಕತ್ತೆಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಇವತ್ತೇ ದೂರದಿಂದ ಬಂದಿದೆ, ಈ ಚಿತ್ರಗಳು ಏನು ಎಂದು ಅದಕ್ಕೆ ಹೇಳಿಕೊಡ್ತೀರಾ?

ಮಕ್ಕಳಿಗೆ ಸುಳ್ಳು ಹೇಳಿದ ಹಾಗಾಗುತ್ತದಾ ಎಂದು ತಂಡದಲ್ಲಿ ಒಂದು ಮಧ್ಯಾಹ್ನವಿಡೀ ಚರ್ಚೆ ಆಯಿತು. ಕತ್ತೆ ಆಟದ ಪಾತ್ರ, ಆ ಹೆಂಗಸು ತಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಬಾರದು ಎಂದು ತೀರ್ಮಾನಿಸಿದೆವು. ಅದು ಸರಿಯಾದ ತೀರ್ಮಾನ ಎಂದು ಈಗಲೂ ಅನ್ನಿಸುತ್ತದೆ.

ಮೌನ ಹೋಯಿತು. ಹಜಾರದಲ್ಲಿ ತಲೆ ಬಗ್ಗಿಸಿದ್ದ ಮಕ್ಕಳು ಕತ್ತೆಯ ಕಿವಿ ಹಿಡಿದು ಪಾಠ ಮಾಡಿದರು. ಒಬ್ಬ ಹುಡುಗಿ ಗೂಬೆಯ ಚಿತ್ರ ತೋರಿಸಿ 'ತೆಕೊಲೋತೆ' ಎಂದವಳು ಅಲ್ಲಿಗೇ ನಿಲ್ಲಿಸಲಿಲ್ಲ. ಟಿವಿಯವರು ಅದನ್ನು ಬೂಹೊ ಅಂತಾರೆ ಎಂದೂ ಕತ್ತೆಗೆ ತಿಳಿಸಿದಳು. ನಮ್ಮ ಪಟ್ಟಿಯಲ್ಲಿ ಒಂದೇ ಪದ ಇತ್ತು. ಅವಳ ಹತ್ತಿರ ಎರಡಿದ್ದವು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಪರೀಕ್ಷೆ ತಪ್ಪು, ಕಾರ್ಯಕ್ರಮ ಸರಿ ಎಂದು ಬರೆದುಬಿಡಬಹುದಿತ್ತು. ಆದರೆ ಲೆಕ್ಕ ಹಾಗೆ ಬರಲಿಲ್ಲ. ಕಾರ್ಯಕ್ರಮ ನೋಡಿದ ಮಕ್ಕಳೂ ನೋಡದ ಮಕ್ಕಳೂ ಕತ್ತೆಯ ಮುಂದೆ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿದ್ದರು. ಸ್ಪ್ಯಾನಿಷ್ ಇಳಿದಿದೆ ಅನ್ನುವುದು ಸುಳ್ಳಾಯಿತು. ಕಾರ್ಯಕ್ರಮದಿಂದ ಸ್ಪ್ಯಾನಿಷ್ ಹೆಚ್ಚಾಗಿದೆ ಅನ್ನುವುದು ಕೂಡ ಕಾಣಲಿಲ್ಲ.

ನೋಡದ ಮಕ್ಕಳು ನಿಜಕ್ಕೂ ನೋಡಿರಲಿಲ್ಲವಾ?

ಇದು ಹಳೇ ತೊಂದರೆ. 'ಸೆಸಮಿ ಸ್ಟ್ರೀಟ್'ನ ಮೊದಲ ವರ್ಷದ ದೊಡ್ಡ ಅಧ್ಯಯನದಲ್ಲೇ ಹೀಗಾಗಿತ್ತು. ಕೆಲವು ಮನೆಗಳಿಗೆ ಕಾರ್ಯಕ್ರಮ ನೋಡಿ ಎಂದು ಹುರಿದುಂಬಿಸಿದರು, ಕೆಲವು ಮನೆಗಳನ್ನು ಹಾಗೇ ಬಿಟ್ಟರು. ಕಾರ್ಯಕ್ರಮ ಎಷ್ಟು ಜನಪ್ರಿಯವಾಯಿತೆಂದರೆ ಹಾಗೇ ಬಿಟ್ಟವರೂ ಕೂತು ನೋಡಿದರು. ಎರಡನೇ ವರ್ಷ ಅದು ಮನೆಗಳಿಗೆ ಸುಲಭವಾಗಿ ಬರದ ಊರುಗಳನ್ನು ಹುಡುಕಬೇಕಾಯಿತು. ಮೆಕ್ಸಿಕೊದಲ್ಲಿ ಅದರ ಸ್ಪ್ಯಾನಿಷ್ ರೂಪ 'ಪ್ಲಾಸಾ ಸೆಸಮೊ' ಬಂದಾಗ ಮೊದಲ ಸಣ್ಣ ಅಧ್ಯಯನದಲ್ಲಿ ಒಳ್ಳೆಯ ಫಲ ಕಂಡಿತು. ನಂತರದ ದೊಡ್ಡ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನೋಡಬಾರದಿದ್ದ ಮಕ್ಕಳೂ ನೋಡಿದ್ದು ಅದಕ್ಕೆ ಹೇಳುವ ಕಾರಣಗಳಲ್ಲಿ ಒಂದು.

ನಾವು ಮನೆಗಳಿಗೆ ಹೋಗಿ ಕೇಳಿದೆವು. ನೋಡದ ಕೊಠಡಿಗಳ ಮಕ್ಕಳಲ್ಲಿ ಅನೇಕರು ಸಂಜೆ ಅಜ್ಜ-ಅಜ್ಜಿಯ ಜೊತೆ ಸ್ಪ್ಯಾನಿಷ್ ಚಾನೆಲ್ ನೋಡುತ್ತಿದ್ದರು. ಡೋರಾ ನೋಡದ ಮನೆ ಸಿಗಲಿಲ್ಲ. ಒಂದು ಮನೆಯಲ್ಲಿ ನಮ್ಮದೇ ಡಿವಿಡಿ ಟಿವಿಯ ಪಕ್ಕದಲ್ಲಿತ್ತು. ಪಕ್ಕದ ಕೊಠಡಿಯ ಟೀಚರ್ ಕೊಟ್ಟಿದ್ದಂತೆ. ಮಗು ಅಷ್ಟು ಕೇಳಿತಂತೆ, ಪಾಪ, ಹೇಗೆ ಇಲ್ಲ ಅನ್ನೋದು? ಆ ಟೀಚರ್ ಮೇಲೆ ನಮಗೆ ಕೋಪ ಬರಲಿಲ್ಲ. ಒಂದೇ ಶಾಲೆಯ ಅಕ್ಕಪಕ್ಕದ ಕೊಠಡಿಗಳನ್ನು ಹೀಗೆ ಎರಡು ಮಾಡಿದ್ದೇ ನಮ್ಮ ತಪ್ಪು.

ವೆಲ್ಕ್ರೊ ಸದ್ದು

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಸ್ಪ್ಯಾನಿಷ್ ಬರುವ ಹೊತ್ತಿನಲ್ಲಿ ಮಕ್ಕಳು ಟಿವಿಯಲ್ಲಿ ಏನು ನೋಡುತ್ತಿದ್ದಾರೆ? 'ಸೆಸಮಿ ಸ್ಟ್ರೀಟ್' ಶುರುವಾಗುವ ಮೊದಲು ಅದರ ಸಂಶೋಧನೆ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಪಾಮರ್ ಒಂದು ಉಪಾಯ ಮಾಡಿದ್ದರು. ಟಿವಿಯ ಪಕ್ಕದಲ್ಲಿ ಇನ್ನೊಂದು ಪರದೆ, ಅದರಲ್ಲಿ ಏಳೂವರೆ ಸೆಕೆಂಡಿಗೊಮ್ಮೆ ಬದಲಾಗುವ ಚಿತ್ರ. ಮಗು ಯಾವಾಗ ಟಿವಿ ಬಿಟ್ಟು ಆ ಕಡೆ ನೋಡುತ್ತದೆ ಎಂದು ಕೂತು ಗುರುತು ಹಾಕುವುದು. ನಮ್ಮ ಹತ್ತಿರ ಪರದೆ ಇರಲಿಲ್ಲ. ಟಿವಿಯ ಪಕ್ಕದಲ್ಲಿ ಮಕ್ಕಳಿಗೆ ಎದುರಾಗಿ ಕೂತು, ಕಣ್ಣು ಎಲ್ಲಿದೆ ಎಂದು ಬರೆದುಕೊಂಡೆ.

ಮೊದಲ ದಿನ ನನಗೆ ಕಂಡದ್ದಕ್ಕಿಂತ ಕೇಳಿಸಿದ್ದು ಹೆಚ್ಚು. ಆ ಮಕ್ಕಳ ಶೂಗಳಿಗೆ ಲೇಸ್ ಇರಲಿಲ್ಲ, ವೆಲ್ಕ್ರೊ ಪಟ್ಟಿ. ನೆಲದ ಮೇಲೆ ಕೂತ ಮಗುವಿಗೆ ಬೇಜಾರಾದರೆ ಕೈ ಶೂಗೆ ಹೋಗುತ್ತದೆ. ಚರ್ರ್ ಎಂದು ಕಿತ್ತು ಮತ್ತೆ ಅಂಟಿಸುತ್ತದೆ. ಒಂದು ಕಡೆ ಚರ್ರ್, ಇನ್ನೊಂದು ಕಡೆ ಚರ್ರ್. ಸ್ವಲ್ಪ ಹೊತ್ತು ಕೇಳಿದ ಮೇಲೆ ಅದಕ್ಕೆ ಒಂದು ಲಯ ಇದೆ ಎಂದು ಗೊತ್ತಾಯಿತು. ಗೊಂಬೆ ಸ್ಪ್ಯಾನಿಷಿನಲ್ಲಿ ಒಂದು ಮಾತು ಹೇಳಿದಾಗ ಚರ್ರ್. ಅದರ ಹಿಂದೆಯೇ ಹುಡುಗಿ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಸದ್ದು ನಿಂತು ಎಲ್ಲರ ಕಣ್ಣು ಟಿವಿಗೆ.

ಇಡೀ ಕಾರ್ಯಕ್ರಮ ಹಾಗೇ ಬರೆದದ್ದು. ಯಾರಿಗೂ ಅರ್ಥ ಆಗದೇ ಹೋಗಬಾರದು ಎಂಬ ಒಳ್ಳೆಯ ಮನಸ್ಸಿನಿಂದ ಪ್ರತಿ ಸ್ಪ್ಯಾನಿಷ್ ಮಾತಿಗೂ ತಕ್ಷಣ ಇಂಗ್ಲಿಷ್ ಅನುವಾದ. ಮಕ್ಕಳು ಜಾಣರು. ಎರಡು ವಾರದಲ್ಲಿ ಅವರಿಗೆ ತಿಳಿದುಹೋಗಿತ್ತು, ಈಗ ಕೇಳದಿದ್ದರೂ ಪರವಾಗಿಲ್ಲ, ಇನ್ನೊಂದು ಕ್ಷಣದಲ್ಲಿ ಇಂಗ್ಲಿಷಿನಲ್ಲಿ ಬರುತ್ತದೆ. ಮನೆಯಲ್ಲಿ ಸ್ಪ್ಯಾನಿಷ್ ಗಟ್ಟಿಯಾಗಿದ್ದ ಬೆತೊನಂಥವರು ಅದನ್ನೂ ಕೇಳುತ್ತಿದ್ದರು. ಸ್ಪ್ಯಾನಿಷ್ ಆಗಲೇ ಜಾರುತ್ತಿದ್ದ ಮಕ್ಕಳು, ಯಾರಿಗಾಗಿ ಕಾರ್ಯಕ್ರಮ ಹೆಚ್ಚು ಬೇಕಿತ್ತೋ ಅವರು, ಶೂ ಪಟ್ಟಿ ಕೀಳುತ್ತಿದ್ದರು. ಒಂದೇ ಪಾಠವನ್ನು ಎರಡು ಭಾಷೆಯಲ್ಲಿ ಬೆನ್ನಿಗೆ ಬೆನ್ನು ಹೇಳಿದರೆ ಮಕ್ಕಳು ಬಲವಾದ ಭಾಷೆಗಾಗಿ ಕಾಯುತ್ತಾರೆ ಎಂದು ದ್ವಿಭಾಷಾ ತರಗತಿ ನೋಡಿದವರು ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಟಿವಿಯಲ್ಲೂ ಹಾಗೇ.

ಒಂದು ಭಾಗ ಮಾತ್ರ ಬೇರೆ ಥರ ಇತ್ತು. ಅಜ್ಜಿಯ ಅಡುಗೆಮನೆ. ಆ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅವಳು ತೊರ್ತಿಯಾ ರೊಟ್ಟಿ ತಟ್ಟುತ್ತಾ ಮಾತಾಡುತ್ತಾಳೆ. ಅನುವಾದ ಇಲ್ಲ. ಹಿಟ್ಟು ತೋರಿಸಿ ಹಿಟ್ಟು ಅನ್ನುತ್ತಾಳೆ, ಕಾದ ಹಂಚಿನ ಮೇಲೆ ಕೈ ಆಡಿಸಿ ಬಿಸಿ ಅನ್ನುತ್ತಾಳೆ. ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಕೊಠಡಿಯಲ್ಲಿ ಒಂದು ಚರ್ರ್ ಕೇಳಲಿಲ್ಲ. ಅವಳು 'ಇನ್ನು ಎಷ್ಟು ಬೇಕು?' ಎಂದು ಕೇಳಿ ಕಾದಾಗ ಮಕ್ಕಳು ಸ್ಪ್ಯಾನಿಷಿನಲ್ಲೇ ಕೂಗಿ ಹೇಳಿದರು. ಇಂಗ್ಲಿಷೇ ಜಾಸ್ತಿ ಇದ್ದವರೂ ಕೂಗಿದರು.

ಏನು ಬರೆದೆವು, ಏನಾಯಿತು

ವರದಿ ಬರೆಯುವಾಗ ಸುಲಭದ ದಾರಿ ಒಂದಿತ್ತು. ಇಂಗ್ಲಿಷಿನಲ್ಲಿ ನೋಡಿದ ಮಕ್ಕಳು ಸ್ವಲ್ಪ ಮುಂದಿದ್ದರಲ್ಲ, ಅದನ್ನು ಮುಂದಿಟ್ಟು ಸ್ಪ್ಯಾನಿಷನ್ನು ಅಡಿಟಿಪ್ಪಣಿಗೆ ತಳ್ಳಬಹುದಿತ್ತು. ಮುಖ್ಯಸ್ಥೆ ಒಪ್ಪಲಿಲ್ಲ. ಇಂಗ್ಲಿಷ್ ಶಾಲೆಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ಎಲ್ಲ ಕಡೆಯಿಂದ ಆ ಮಕ್ಕಳಿಗೆ ಬರುತ್ತಿದೆ. ಎಂಟು ವಾರದಲ್ಲಿ ಅದು ಏರಿದ್ದಕ್ಕೆ ಕಾರ್ಯಕ್ರಮಕ್ಕೆ ಎಷ್ಟು ಪಾಲು ಕೊಡಬೇಕು ಎಂದು ಎರಡೆರಡು ಕೊಠಡಿಯಿಂದ ಹೇಳಲಾಗುವುದಿಲ್ಲ. ಹಾಗೆಂದೇ ಬರೆದೆವು. ಸ್ಪ್ಯಾನಿಷಿನ ಬಗ್ಗೆ, ಮೊದಲ ಅಂಕಗಳನ್ನು ನಂಬಬಾರದು, ಕಾರ್ಯಕ್ರಮದಿಂದ ಲಾಭವೂ ಸಾಬೀತಾಗಿಲ್ಲ, ನಷ್ಟವೂ ಸಾಬೀತಾಗಿಲ್ಲ ಎಂದು ಬರೆದೆವು. ಜೊತೆಗೆ ಮಕ್ಕಳ ಕಣ್ಣು ಎಲ್ಲಿತ್ತು ಅನ್ನುವ ಪಟ್ಟಿ, ಕಂತು ಕಂತಿನದೂ.

ಹಣ ಕೊಟ್ಟವರಿಗೆ ಖುಷಿ ಆಗಲಿಲ್ಲ. ಎರಡನೇ ಹಂತದ ಮೌಲ್ಯಮಾಪನಕ್ಕೆ ಹಣ ಬರಲಿಲ್ಲ. ಆದರೆ ಸ್ಪ್ಯಾನಿಷ್ ಕಡಿಮೆ ಮಾಡುವ ಮಾತು ಅಲ್ಲಿಗೆ ನಿಂತಿತು. ನಿರ್ಮಾಪಕರು ಕಣ್ಣಿನ ಪಟ್ಟಿಯನ್ನು ಹಿಡಿದು ಬರಹಗಾರರ ಜೊತೆ ಎರಡು ದಿನ ಕೂತರು. ಹೊಸ ಕಂತುಗಳಲ್ಲಿ ಬೆನ್ನಿಗೆ ಬೆನ್ನು ಅನುವಾದ ಹೋಯಿತು. ಅಜ್ಜಿಯ ಭಾಗ ನಾಲ್ಕು ನಿಮಿಷದಿಂದ ಹತ್ತಾಯಿತು. ನಾಯಿಗೆ ಸ್ಪ್ಯಾನಿಷ್ ಮಾತ್ರ, ಹುಡುಗಿಯ ಪಕ್ಕದ ಮನೆಯ ಹೊಸ ಹುಡುಗನಿಗೆ ಇಂಗ್ಲಿಷ್ ಮಾತ್ರ ಎಂದು ಮಾಡಿದರು. ಅವರಿಬ್ಬರ ನಡುವೆ ಹುಡುಗಿ ಓಡಾಡಬೇಕು. ಆ ಊರಿನ ಎಷ್ಟೋ ಮಕ್ಕಳು ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಅಪ್ಪ ಅಮ್ಮನಿಗಾಗಿ ದಿನಾ ಮಾಡುವ ಕೆಲಸ ಅದು. ಪದಗಳ ವಿಷಯದಲ್ಲೂ ಒಂದು ಬದಲಾವಣೆ: ಒಂದು ಪಾತ್ರ ಕೊಮೇತಾ ಎಂದರೆ ಇನ್ನೊಂದು ಪಾಪಲೋತೆ ಅನ್ನುತ್ತದೆ, ಇಬ್ಬರೂ ಒಂದೇ ದಾರ ಹಿಡಿದಿರುತ್ತಾರೆ.

ಆ ಹೊಸ ಕಂತುಗಳಿಂದ ಮಕ್ಕಳು ಹೆಚ್ಚು ಕಲಿತರಾ ಎಂದು ಯಾರೂ ಅಳೆಯಲಿಲ್ಲ. ಅಳೆಯುವ ಅವಕಾಶ ಸಿಕ್ಕಿದ್ದರೆ ಏನು ಮಾಡುತ್ತಿದ್ದೆವು ಎಂದು ನಾವು ಒಂದು ಪುಟ ಬರೆದು ಇಟ್ಟೆವು. ಮೊದಲು ಊರಿನವರ ಜೊತೆ ಕೂತು ಪ್ರತಿ ಚಿತ್ರಕ್ಕೂ ಮನೆಗಳಲ್ಲಿ ಯಾವ ಪದ ಬಳಸುತ್ತಾರೆ ಎಂದು ಬರೆದುಕೊಳ್ಳುವುದು. ಬೇರೆ ಬೇರೆ ಶಾಲೆಗಳನ್ನು ಆರಿಸುವುದು. ಮನೆಯ ಟಿವಿಯ ಬಗ್ಗೆ ಕೊನೆಗಲ್ಲ, ಮೊದಲೇ ಕೇಳುವುದು. ಪದ ಗೊತ್ತಾ ಎಂದು ಕೇಳುವ ಬದಲು ಕಥೆ ಹೇಳಿಸುವುದು, ಅದೂ ಆ ಕಥೆ ಗೊತ್ತಿಲ್ಲದ ಒಬ್ಬರಿಗೆ. ಮತ್ತೆ, ಏನನ್ನೇ ಅಳೆಯುವ ಮೊದಲು ಒಂದು ವಾರ ಸುಮ್ನೆ ಕೂತು ಮಕ್ಕಳು ನೋಡುವುದನ್ನು ನೋಡುವುದು. ನಾವು ಅದನ್ನು ಕೊನೆಗೆ ಮಾಡಿದೆವು. ಮೊದಲು ಮಾಡಿದ್ದರೆ ಎಂಟು ವಾರ ತೋರಿಸುವ ಮೊದಲೇ ಕಂತುಗಳನ್ನು ತಿದ್ದಬಹುದಿತ್ತು.

ಅಜ್ಜಿಯ ಮಾತು

ವರದಿಯಲ್ಲಿ ಸೇರದ ಒಂದು ವಿಷಯ ಇದೆ. ಮನೆಗಳಿಗೆ ಹೋದಾಗ ಬೆತೊನ ಅಜ್ಜಿಯನ್ನೂ ಕಂಡೆ. 1950ರ ದಶಕದಲ್ಲಿ ಅದೇ ಊರಿನ ಶಾಲೆಗೆ ಹೋದವರು. ಅಂಗಳದಲ್ಲಿ ಗೆಳತಿಯ ಜೊತೆ ಸ್ಪ್ಯಾನಿಷ್ ಆಡಿದ್ದಕ್ಕೆ ಕೈಯ ಮೇಲೆ ಏಟು ತಿಂದಿದ್ದನ್ನು ಹೇಳಿದರು. ಹೇಳುವಾಗ ಎಡಗೈಯಿಂದ ಬಲಗೈಯ ಬೆರಳುಗಳನ್ನು ಮುಚ್ಚಿಕೊಂಡರು. ತಮ್ಮ ಮಕ್ಕಳಿಗೆ ಅಂಥದ್ದು ಆಗಬಾರದು ಎಂದು ಮನೆಯಲ್ಲಿ ಅವರಿಗೆ ಸ್ಪ್ಯಾನಿಷ್ ಕಲಿಸಲಿಲ್ಲವಂತೆ. ಬೆತೊನ ಅಪ್ಪನಿಗೆ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. ಮೊಮ್ಮಗನನ್ನು ನೋಡಿಕೊಳ್ಳುವ ಹೊತ್ತಿಗೆ ತಮಗೆ ಭಯ ಹೋಗಿತ್ತು ಎಂದರು.

'ಶಾಲೆಯ ಟಿವಿಯಲ್ಲೇ ಸ್ಪ್ಯಾನಿಷ್ ಬರುತ್ತಾ?' ಎಂದು ಎರಡು ಸಲ ಕೇಳಿದರು. ಹೌದು ಎಂದೆ. ಟೀಚರ್ ಪಕ್ಕದಲ್ಲೇ ಇರುತ್ತಾರಾ? ಹೌದು, ಅವರೂ ಕೂತು ನೋಡುತ್ತಾರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಡಿವಿಡಿ ಒಂದು ಸಿಗಬಹುದಾ ಎಂದು ಕೇಳಿದರು. ಹುಡುಗನಿಗೆ ಬೇಡ, ಅವನು ಶಾಲೆಯಲ್ಲಿ ನೋಡಿದ್ದಾನೆ. ಅವನ ಅಪ್ಪನಿಗೆ ತೋರಿಸಬೇಕಿತ್ತು.